ದಾಖಲೆಗೆ ಬೇಡ

ಮುಂಬಯಿಯ ಸೆಷನ್ಸ್ ಕೋರ್ಟಿನಲ್ಲಿ
ನನ್ನದು ಬೆರಳಿನ ಕೆಲಸ,
ಬಾಯಿ ಬೇರೆಯವರದು.
ಇಪ್ಪತ್ತಾರು ವರ್ಷದಿಂದ ಕೊಲೆ, ದರೋಡೆ, ಸುಟ್ಟ ಸೊಸೆಯರು
ಎಲ್ಲವನ್ನೂ ಒಂದೇ ವೇಗದಲ್ಲಿ ಟೈಪು ಮಾಡಿದವಳು.

ಆ ಮಂಗಳವಾರ ಹದಿನಾಲ್ಕು ಜನ ಬಂದರು
ತಳೋಜಾ ಜೈಲಿನ ವ್ಯಾನಿನಿಂದ,
ಒಂದೇ ಹಗ್ಗಕ್ಕೆ ಪೋಣಿಸಿದ ಹಾಗೆ.
ಯಾರ ಕಾಲಲ್ಲೂ ಅವರವರ ಅಳತೆಯ ಚಪ್ಪಲಿಯಿಲ್ಲ.
ನಾನೂರು ಮೈಲಿ ಆಚೆ ನೌಕಾಪಡೆಗೆ ಸಿಕ್ಕಿದ್ದು:
ಅಪಹರಿಸಿದ ಹಡಗು, ಒಂದು ದೋಣಿ,
ಐದು ಬಂದೂಕು, ಒಂದು ಏಣಿ.

ಏಣಿಯನ್ನು ನನ್ನ ಮೇಜಿಗೇ ಒರಗಿಸಿಟ್ಟರು.
ಮುದ್ದೆಮಾಲು ನಂಬರು ಒಂಬತ್ತು.
ತುದಿಗೆ ಎರಡು ಕೊಕ್ಕೆ.
ವಡಾಳಾದ ನಮ್ಮ ಚಾಳಿನಲ್ಲಿ
ನೀರಿನ ಟ್ಯಾಂಕು ಹತ್ತುವುದಕ್ಕೆ ಇಂಥದ್ದೇ ಇದೆ.

"ವಯಸ್ಸು?" ಅಂದರು ಜಡ್ಜ್ ಪಾಟಣಕರ್ ಮೇಡಂ.
ಪ್ರಶ್ನೆ ಇಂಗ್ಲಿಷಿನಿಂದ ಹಿಂದಿಗೆ ಇಳಿಯಿತು,
ಡೋಂಗ್ರಿಯ ಅತ್ತರು ವ್ಯಾಪಾರಿ ಮೆಹಬೂಬ್ ಸಾಹೇಬರ ಬಾಯಲ್ಲಿ
ಹಿಂದಿಯಿಂದ ಅರಬ್ಬಿಗೆ,
ಅರಬ್ಬಿ ಬಲ್ಲ ಆರನೇ ಆರೋಪಿಯಿಂದ
ಹನ್ನೊಂದನೆಯವನ ಕಿವಿಗೆ.
ಅವನು ಕೈಯನ್ನು ಎದೆಯ ಮಟ್ಟಕ್ಕೆ ಹಿಡಿದು ತೋರಿಸಿದ.
ಉತ್ತರ ಅದೇ ಮೆಟ್ಟಿಲು ಏರುತ್ತ ವಾಪಸು ಬಂತು:
"ದೊಡ್ಡ ಟ್ರಾಲರುಗಳು ಬಂದ ವರ್ಷ ಇಷ್ಟೆತ್ತರ ಇದ್ದೆ."
ನಾನು ಟೈಪು ಮಾಡಿದ್ದು: ವಯಸ್ಸು, ಸುಮಾರು ಇಪ್ಪತ್ತು.

ಈ ಅಪರಾಧ ಯಾವ ದೇಶದ್ದು ಎಂದು
ಎರಡು ದಿನ ವಾದ ನಡೆಯಿತು.
ಹಡಗಿನ ಬಾವುಟ ಪನಾಮಾದ್ದು,
ಯಜಮಾನ ಗ್ರೀಸಿನವನು, ವಿಮೆ ಲಂಡನ್ನಿನದು,
ಹೊಟ್ಟೆಯಲ್ಲಿ ಬ್ರೆಜಿಲ್ಲಿನ ಸಕ್ಕರೆ.
ಇಂಜಿನ್ನಿನ ಬಿಸಿಗೆ ಬೆಂದವರು ಮಾತ್ರ
ರತ್ನಾಗಿರಿ, ವಾಸ್ಕೊ, ಮನಿಲಾದವರು.
ಹಬ್ಬದೂಟಕ್ಕೆ ಊರೆಲ್ಲ ನೆಂಟರು,
ಹೆಣ ಹೊರುವ ಹೆಗಲು ಪಕ್ಕದ ಮನೆಯದ್ದು.

ಬೇರೆಲ್ಲೋ ಒಂದು ದೇಶದ ಪಡೆ ಇಂಥವರನ್ನೇ ಹಿಡಿದು,
ಬಂದೂಕು ಕಸಿದು, ಇಂಜಿನ್ನೂ ಕಸಿದು,
ಒಂದಿಷ್ಟು ಬಿಸ್ಕತ್ತು ಕೊಟ್ಟು ತೇಲಿಬಿಟ್ಟಿತಂತೆ.
"ಖರ್ಚು ಕಡಿಮೆ," ಅಂದರು ವಕೀಲರು, ಕೋಟಿನ ಗುಂಡಿ ಸವರುತ್ತ.
ಆ ದೋಣಿ ಯಾವ ದಡ ಸೇರಿತೆಂದು ಯಾರೂ ಕೇಳಲಿಲ್ಲ.
ಕೇಳದ್ದನ್ನು ಟೈಪು ಮಾಡಲು ಬರುವುದಿಲ್ಲ.

ಮೂರನೇ ದಿನ ಸಾಕ್ಷಿ,
ಥರ್ಡ್ ಇಂಜಿನಿಯರ್ ಬೆನೆಡಿಕ್ಟ್ ಕುಲಾಸೊ.
ನೂರಾ ತೊಂಬತ್ತು ದಿನದ ಒತ್ತೆ.
ಯಜಮಾನ ಫೋನೆತ್ತುವುದು ನಿಂತ ತಿಂಗಳೇ
ಸಂಬಳವೂ ನಿಂತಿತ್ತು.
"ಗುರುತಿಸಿ," ಅಂದರು.
ಮೊದಲು ಏಣಿಯ ಕಡೆ ನೋಡಿದ. ಮೊಣಕಾಲು ನಡುಗಿತು.
"ಮೂರನೆಯವನು ನನ್ನ ಹಲ್ಲು ಮುರಿದ.
ಹನ್ನೊಂದನೆಯವನು ರಾತ್ರಿ ಕದ್ದು ನೀರು ಕೊಡುತ್ತಿದ್ದ.
ಬಂದೂಕು ಇಬ್ಬರ ಕೈಯಲ್ಲೂ ಇತ್ತು."
ಸರಕಾರಿ ವಕೀಲರು ಎದ್ದರು, ನೀರಿನ ಮಾತು ಅಪ್ರಸ್ತುತವೆಂದರು.
"ಮೂರೂ ವಾಕ್ಯ ಇರಲಿ," ಅಂದರು ಮೇಡಂ, ನನ್ನ ಕಡೆ ತಿರುಗಿ.

ನನ್ನ ಅಭಿಪ್ರಾಯ ಯಾರಿಗೂ ಬೇಕಿಲ್ಲ.
ಊಟದ ಹೊತ್ತಿಗೆ ಡಬ್ಬಿ ಬಿಚ್ಚುತ್ತ
ಚಪಾತಿಗೆ ಹೇಳಿಕೊಂಡೆ:
ಗಸ್ತಿನ ಹಡಗು ಬೇಕು,
ಬೇಡವೆನ್ನಲು ನಾನು ಕುಲಾಸೊನ ಬಾಯಿ ನೋಡದವಳಲ್ಲ.
ಆದರೆ ಸುಡುವುದು ಸುಲಭ,
ತೇಲಿಬಿಡುವುದು ಇನ್ನೂ ಸುಲಭ.
ಕಷ್ಟದ್ದೆಂದರೆ ಇದು, ದಡಕ್ಕೆ ತಂದು ಕೂರಿಸಿ,
ಹೆಸರು ಕೇಳಿ,
ಅದು ಮೂರು ಭಾಷೆ ದಾಟಿ ಬರುವ ತನಕ ಕಾಯುವುದು.
ಇಷ್ಟು ಕಷ್ಟಪಟ್ಟ ಮೇಲೆ
ಆ ಟ್ರಾಲರಿನ ಧಣಿಯನ್ನೂ, ಫೋನೆತ್ತದವನನ್ನೂ
ಇದೇ ಕಟಕಟೆಗೆ ಕರೆಸಬಾರದೇ?
ಜಾಗವಿದೆ. ಹದಿನಾಲ್ಕು ಜನ ಹಿಡಿದಿದ್ದಾರೆ.

ಸಂಜೆ ಮೆಹಬೂಬ್ ಸಾಹೇಬರನ್ನು ಕೇಳಿದೆ,
ಹುಡುಗ ಮತ್ತೆ ಮತ್ತೆ 'ಬದ್ದ' ಅನ್ನುತ್ತಿದ್ದನಲ್ಲ, ಏನದು?
"ಸಮುದ್ರ, ಬೆಹೆನ್. ಅವರ ಮಾತಿನಲ್ಲಿ ಸಮುದ್ರ."
ನನ್ನ ಮಾತಿನಲ್ಲಿ, ಅದಕ್ಕೊಂದು ಉಸಿರು ಹೆಚ್ಚು ಕೊಟ್ಟರೆ,
ಕಟ್ಟುಬಿದ್ದವನು.
ಅದನ್ನು ಯಾರ ಹೆಸರಿನ ಮುಂದೆ ಬರೆಯಲಿ,
ಪಟ್ಟಿ ಉದ್ದವಿದೆ.

ಏಣಿ ಇನ್ನೂ ಇಲ್ಲೇ ಇದೆ.
ತೀರ್ಪು ಬರುವ ತನಕ ಸರಿಸುವಂತಿಲ್ಲ.
ಜವಾನ ಗಾವಕರ್ ಬೆಳಿಗ್ಗೆ ಬಂದವನೇ
ಅದರ ಕೊಕ್ಕೆಗೆ
ನೀರು ಸೋರುವ ಕೊಡೆ ತೂಗುಹಾಕುತ್ತಾನೆ.